128ರ ಹಾಡು 320 ಆಗುತ್ತದೆಯೇ? ಹಾಡು ಕೇಳುವವರ ಮೊಬೈಲ್‌ಗೆ ಬರುವ ಟಿಪ್ಸ್‌ಗಳ ಅಸಲಿಯತ್ತು

"ನಿಮ್ಮ ಮೊಬೈಲ್‌ನಲ್ಲಿರುವ ಹಳೆಯ ಹಾಡುಗಳನ್ನೆಲ್ಲ ಈ ಆ್ಯಪ್‌ಗೆ ಹಾಕಿ 320 ಕೆಬಿಪಿಎಸ್‌ಗೆ ಬದಲಾಯಿಸಿಕೊಳ್ಳಿ. ಥಿಯೇಟರ್‌ನಲ್ಲಿ ಕೂತು ಕೇಳಿದ ಹಾಗಿರುತ್ತದೆ. ಆಮೇಲೆ ಹಳೆಯ ಫೈಲ್ ಡಿಲೀಟ್ ಮಾಡಿ ಜಾಗ ಉಳಿಸಿ. ಹಾಡು ಇಷ್ಟಪಡುವ ಎಲ್ಲರಿಗೂ ಶೇರ್ ಮಾಡಿ."

ಇಂಥ ಸಂದೇಶ ಒಂದಲ್ಲ ಒಂದು ರೂಪದಲ್ಲಿ ನಿಮ್ಮ ಗ್ರೂಪ್‌ಗೂ ಬಂದಿರಬಹುದು. ಆರೋಗ್ಯದ ಬಗ್ಗೆ ಫಾರ್ವರ್ಡ್ ಬಂದರೆ ಒಂದು ಕ್ಷಣವಾದರೂ ಅನುಮಾನಪಡುವವರು ಹಾಡಿನ ಟಿಪ್ಸ್ ಬಂದಾಗ ಅಷ್ಟು ಯೋಚಿಸುವುದಿಲ್ಲ. ಹೋಗುವುದೇನು, ಒಂದು ಹಾಡು ತಾನೇ ಎಂದುಕೊಂಡು ಮಾಡಿಯೇ ನೋಡುತ್ತಾರೆ. ಆದರೆ ಹೋಗುವುದು ಸಾಕಷ್ಟಿದೆ. ಮತ್ತೆ ಎಲ್ಲೂ ಸಿಗದ ಮನೆಯ ಧ್ವನಿಮುದ್ರಣ ಹೋಗಬಹುದು, ಕಿವಿ ಹೋಗಬಹುದು, ಕೆಲವೊಮ್ಮೆ ಬ್ಯಾಂಕ್ ಖಾತೆಯ ಹಣವೂ ಹೋಗಬಹುದು. ಹಾಗಾಗಿ ಹಾಡು ಕೇಳುವವರ ಸುತ್ತ ಓಡಾಡುವ ಕೆಲವು ಜನಪ್ರಿಯ ಟಿಪ್ಸ್‌ಗಳನ್ನು ಇಲ್ಲಿ ಒಂದೊಂದಾಗಿ ಬಿಚ್ಚಿ ನೋಡುತ್ತೇವೆ.

ಮೊದಲಿಗೆ ಆ 320ರ ಕಥೆ.

ಫೈಲ್‌ನೊಳಗೆ ಇರುವುದೇನು?

ಹಾಡನ್ನು ಕಂಪ್ಯೂಟರ್ ಅಂಕಿಗಳಾಗಿ ಉಳಿಸಿಕೊಳ್ಳುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಆಡಿಯೋ ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಬಾರಿ ಧ್ವನಿಯ ಏರಿಳಿತವನ್ನು ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡಲಾಗುತ್ತದೆ. ಎಡಕ್ಕೊಂದು, ಬಲಕ್ಕೊಂದು ಎಂದು ಎರಡು ಸಾಲು. ಗುಣಿಸಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಐದು ನಿಮಿಷದ ಒಂದು ಹಾಡಿಗೆ 50 ಎಂಬಿಗೂ ಹೆಚ್ಚು ಜಾಗ ಬೇಕು. ಟೆಲಿಫೋನ್ ತಂತಿಯ ಮೂಲಕ ಇಂಟರ್ನೆಟ್ ಬರುತ್ತಿದ್ದ 1990ರ ದಶಕದಲ್ಲಿ ಅಂಥ ಒಂದು ಫೈಲ್ ಇಳಿಸಿಕೊಳ್ಳಲು ಗಂಟೆಗಟ್ಟಲೆ ಕಾಯಬೇಕಿತ್ತು.

ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಸಂಶೋಧಕರು ಮತ್ತು ಅವರ ಜೊತೆಗಾರರು ಇದಕ್ಕೆ ಕಂಡುಕೊಂಡ ದಾರಿಯೇ ಎಂಪಿ3. ಫೈಲ್‌ಗಳ ಬಾಲಕ್ಕೆ ಆ ಹೆಸರು ಅಂಟಿದ್ದು 1995ರಲ್ಲಿ. ಅವರು ಬಳಸಿಕೊಂಡದ್ದು ನಮ್ಮ ಕಿವಿಯ ಒಂದು ದೌರ್ಬಲ್ಯವನ್ನು. ಜಾತ್ರೆಯಲ್ಲಿ ಡೊಳ್ಳು ಬಾರಿಸುತ್ತಿರುವಾಗ ಪಕ್ಕದಲ್ಲಿ ನಿಂತವರ ಕೈಬಳೆಯ ಸದ್ದು ನಮಗೆ ಕೇಳಿಸುವುದಿಲ್ಲ. ಸದ್ದು ಇರುತ್ತದೆ, ಆದರೆ ದೊಡ್ಡ ಶಬ್ದ ಸಣ್ಣದನ್ನು ಮುಚ್ಚಿಹಾಕುತ್ತದೆ. ಹೇಗೂ ಕೇಳಿಸದ್ದನ್ನು ಬರೆದಿಡುವುದು ಯಾಕೆ? ಎಂಪಿ3 ಮಾಡುವ ತಂತ್ರಾಂಶ ಹಾಡನ್ನು ಚೂರುಚೂರಾಗಿ ನೋಡಿ, ಕಿವಿಗೆ ಸಿಗದಿರಬಹುದಾದ ಭಾಗವನ್ನು ಒರಟಾಗಿ ಬರೆದುಕೊಳ್ಳುತ್ತದೆ ಅಥವಾ ಪೂರ್ತಿ ಬಿಟ್ಟುಬಿಡುತ್ತದೆ. ಈ ಕತ್ತರಿ ಎಷ್ಟು ಹದವಾಗಿದೆ ಎಂದು ಪರೀಕ್ಷಿಸಲು ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಅವರು ಸುಝಾನ್ ವೇಗಾ ಅವರ 'ಟಾಮ್ಸ್ ಡೈನರ್' ಎಂಬ ಹಾಡನ್ನು ಬಳಸಿದ್ದು ಪ್ರಸಿದ್ಧ ಕಥೆ. ಅದರಲ್ಲಿ ವಾದ್ಯಗಳಿಲ್ಲ, ಬರೀ ಒಂಟಿ ದನಿ. ಮುಚ್ಚಿಕೊಳ್ಳಲು ಏನೂ ಇಲ್ಲದ ಕಡೆ ತಪ್ಪು ಬೇಗ ಕಿವಿಗೆ ಬೀಳುತ್ತದೆ. ವಾದ್ಯವೃಂದದ ಸಿನಿಮಾ ಹಾಡಿಗಿಂತ ತಂಬೂರಿಯೊಂದಿಗೆ ಹಾಡಿದ ವಚನವೋ ದೇವರನಾಮವೋ ಕಡಿಮೆ ಗುಣಮಟ್ಟದ ಎಂಪಿ3ಯಲ್ಲಿ ಹೆಚ್ಚು ಕೆಟ್ಟಂತೆ ಕೇಳುವುದಕ್ಕೂ ಇದೇ ಕಾರಣ.

ಈಗ ಲೆಕ್ಕ ನೋಡಿ. 128 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 128 ಕಿಲೋಬಿಟ್. ಸಿಡಿಯ 1,411ಕ್ಕೆ ಹೋಲಿಸಿದರೆ ಹನ್ನೊಂದರಲ್ಲಿ ಒಂದು ಪಾಲು. ಹೀಗೆ ಹಿಂಡುವಾಗ ಬಿಟ್ಟದ್ದನ್ನು ಬಿಟ್ಟದ್ದಾಗಿದೆ, ಆ ಫೈಲ್‌ನಲ್ಲಿ ಅದು ಎಲ್ಲೂ ಬಚ್ಚಿಟ್ಟುಕೊಂಡಿಲ್ಲ. ಅದನ್ನು 320ಕ್ಕೆ ಬದಲಾಯಿಸುವುದೆಂದರೆ ಒಂದು ಲೋಟ ಸಾರನ್ನು ಹಂಡೆಗೆ ಸುರಿದ ಹಾಗೆ. ಪಾತ್ರೆ ದೊಡ್ಡದಾಯಿತು, ಸಾರು ಅಷ್ಟೇ ಇದೆ.

ಅಷ್ಟೇ ಆಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಸಾರು ಸುರಿಯುವಾಗ ಸ್ವಲ್ಪ ಚೆಲ್ಲುತ್ತದೆ ಕೂಡ. ಎಂಪಿ3ಯನ್ನು ಬಿಚ್ಚಿ ಮತ್ತೊಮ್ಮೆ ಎಂಪಿ3 ಮಾಡುವಾಗ ಕತ್ತರಿ ಎರಡನೇ ಸಲ ಆಡುತ್ತದೆ. ಜೆರಾಕ್ಸ್ ಪ್ರತಿಯನ್ನೇ ಇಟ್ಟು ಮತ್ತೆ ಜೆರಾಕ್ಸ್ ತೆಗೆದಂತೆ, ಪ್ರತಿ ಸಲವೂ ಅಕ್ಷರ ಒಂದಿಷ್ಟು ಮಸುಕು. ಜೊತೆಗೆ 'ಜಾಗ ಉಳಿಸಿ' ಎಂಬ ಮಾತಂತೂ ತಲೆಕೆಳಗು. ಐದು ನಿಮಿಷದ ಹಾಡು 128ರಲ್ಲಿ 5 ಎಂಬಿಗಿಂತ ಕಡಿಮೆ, 320ರಲ್ಲಿ 12 ಎಂಬಿ. ಗುಣಮಟ್ಟ ಇಳಿಸಿಕೊಂಡು, ಎರಡೂವರೆ ಪಟ್ಟು ಜಾಗ ಕೊಟ್ಟು, ಮೂಲ ಫೈಲನ್ನೂ ಅಳಿಸಿ ಎನ್ನುತ್ತದೆ ಆ ಸಂದೇಶ.

ಯೂಟ್ಯೂಬ್‌ನಿಂದ '320ರಲ್ಲಿ ಇಳಿಸಿಕೊಳ್ಳಿ' ಎನ್ನುವ ವೆಬ್‌ಸೈಟ್‌ಗಳು ಮಾಡುವುದೂ ಇದೇ. ಯೂಟ್ಯೂಬ್ ತನ್ನ ವಿಡಿಯೋಗಳ ಧ್ವನಿಯನ್ನು ಸಾಮಾನ್ಯವಾಗಿ 128ರಿಂದ 160 ಕೆಬಿಪಿಎಸ್ ಆಸುಪಾಸಿನಲ್ಲಿ ಕೊಡುತ್ತದೆ. ಆ ಧ್ವನಿ ಎಂಪಿ3ಗಿಂತ ಹೊಸ ವಿಧಾನದಲ್ಲಿ ಕಟ್ಟಿದ್ದು, ಹಾಗಾಗಿ ಆ ಸಂಖ್ಯೆಗೆ ಚೆನ್ನಾಗಿಯೇ ಕೇಳುತ್ತದೆ. ಅದನ್ನು 320ರ ಎಂಪಿ3 ಮಾಡಿದರೆ ಲಾಭವಿಲ್ಲ, ಹೆಸರು ಮಾತ್ರ ದೊಡ್ಡದು.

ನಂಬಿಕೆ ಬರದಿದ್ದರೆ ಕಂಪ್ಯೂಟರ್‌ನಲ್ಲಿ ನೀವೇ ನೋಡಬಹುದು. 'ಆಡಾಸಿಟಿ' ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಹಾಡನ್ನು ತೆರೆದು, ಟ್ರ್ಯಾಕ್‌ನ ಹೆಸರಿನ ಪಕ್ಕದ ಮೆನುವಿನಲ್ಲಿ 'ಸ್ಪೆಕ್ಟ್ರೋಗ್ರಾಮ್' ಆರಿಸಿ. ಕೆಳಗೆ ಮಂದ್ರ, ಮೇಲೆ ತಾರ ಎಂಬಂತೆ ಹಾಡಿನ ಬಣ್ಣದ ಚಿತ್ರ ಕಾಣುತ್ತದೆ. ಬರೀ ತಳಭಾಗ ಕಂಡರೆ ಅಳತೆಪಟ್ಟಿಯನ್ನು 20 ಸಾವಿರ ಹರ್ಟ್ಜ್‌ವರೆಗೆ ಹಿಗ್ಗಿಸಿಕೊಳ್ಳಿ. 128ರ ಎಂಪಿ3ಯಲ್ಲಿ ಸಾಮಾನ್ಯವಾಗಿ 16–17 ಸಾವಿರ ಹರ್ಟ್ಜ್ ಹತ್ತಿರ ಯಾರೋ ಚಾಕುವಿನಿಂದ ಕೊಯ್ದಂತೆ ಚಿತ್ರ ನಿಂತುಬಿಡುತ್ತದೆ. ಅದನ್ನೇ 320ಕ್ಕೆ ಬದಲಾಯಿಸಿ ಮತ್ತೆ ತೆರೆದು ನೋಡಿ. ಚಾಕುವಿನ ಗೆರೆ ಅಲ್ಲೇ ಇರುತ್ತದೆ.

ಇತ್ತೀಚಿನ ಎಐ ಆ್ಯಪ್‌ಗಳ ವಿಷಯ ಬೇರೆ. ಅವು ಹೋದದ್ದನ್ನು ವಾಪಸ್ ತರುವುದಿಲ್ಲ, ಅಲ್ಲಿ ಏನಿದ್ದಿರಬಹುದು ಎಂದು ಊಹಿಸಿ ಹೊಸದಾಗಿ ತುಂಬುತ್ತವೆ. ಊಹೆ ಕೆಲವೊಮ್ಮೆ ಕಿವಿಗೆ ಹಿತವಾಗಿಯೇ ಇರುತ್ತದೆ. ಆದರೆ ಅಲ್ಲಿ ಕೇಳುವುದು ಹಾಡಿದವರ ಗಂಟಲೇ ಎಂದು ಹೇಳಲು ಬರುವುದಿಲ್ಲ. ಸಿನಿಮಾ ಹಾಡಿಗೆ ಅದು ನಡೆದೀತು. ತೀರಿಕೊಂಡ ಅಜ್ಜಿಯ ದನಿಗೆ ನಡೆಯುತ್ತದೆಯೇ ಎಂಬುದನ್ನು ಮನೆಯವರೇ ತೀರ್ಮಾನಿಸಬೇಕು.

ಹಾಗಾದರೆ ವ್ಯತ್ಯಾಸ ಕೇಳಿಸಿದ್ದು ಸುಳ್ಳೇ?

"ನಾನು ಮಾಡಿ ನೋಡಿದೆ, ನಿಜವಾಗಿಯೂ ಚೆನ್ನಾಗಿ ಕೇಳಿಸುತ್ತದೆ" ಎಂದು ಹೇಳುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಇಂಥ ಆ್ಯಪ್‌ಗಳು ಬದಲಾಯಿಸುವಾಗ ಸದ್ದಿಲ್ಲದೆ ವಾಲ್ಯೂಮ್ ಏರಿಸಿರಬಹುದು, ಬೇಸ್ ಕೂಡ ಸ್ವಲ್ಪ ಹೆಚ್ಚಿಸಿರಬಹುದು. ಒಂದೇ ಹಾಡಿನ ಎರಡು ಪ್ರತಿಗಳಲ್ಲಿ ತುಸು ಜೋರಾಗಿರುವುದೇ ಹೆಚ್ಚು ಚೆನ್ನಾಗಿದೆ ಎಂದು ನಮಗೆ ಅನಿಸುತ್ತದೆ. ಕಿವಿಯ ರಚನೆಯೇ ಹಾಗಿದೆ. ಶಬ್ದ ಮೆಲ್ಲಗಿದ್ದಾಗ ಮಂದ್ರಸ್ವರಗಳು ಮತ್ತು ತೀರಾ ಮೇಲಿನ ಸ್ವರಗಳು ನಮಗೆ ಕಡಿಮೆ ಕೇಳಿಸುತ್ತವೆ, ಶಬ್ದ ಏರಿದಂತೆ ಅವು ತುಂಬಿಕೊಳ್ಳುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಟಿವಿ ಅಂಗಡಿಯವರಿಗೂ, ಹಾಡು ಬಿಡುಗಡೆ ಮಾಡುವ ಕಂಪನಿಗಳಿಗೂ ಗೊತ್ತಿರುವ ಗುಟ್ಟಿದು.

ಹಳೆಯದು, ಹೊಸದು ಎರಡನ್ನೂ ಒಂದೇ ಜೋರಿಗೆ ಹೊಂದಿಸಿ, ಯಾವುದು ಯಾವುದೆಂದು ನಿಮಗೆ ಹೇಳದೆ ಇನ್ನೊಬ್ಬರಿಂದ ಹಾಕಿಸಿ ಕೇಳಿ. ಥಿಯೇಟರ್ ಮಾಯವಾಗುತ್ತದೆ.

ಹಾಡಿನ ಬಗೆಗಿನ ಅರ್ಧಕ್ಕರ್ಧ ಫಾರ್ವರ್ಡ್‌ಗಳು ನಿಂತಿರುವುದು ಈ ಒಂದು ಭ್ರಮೆಯ ಮೇಲೆ. ಮುಂದಿನದೂ ಅದೇ.

ವಾಲ್ಯೂಮ್ ಬೂಸ್ಟರ್ ಎಂಬ ದುಬಾರಿ ಉಚಿತ

'ಮೊಬೈಲ್ ಧ್ವನಿಯನ್ನು ಶೇಕಡಾ 200 ಮಾಡಿ' ಎನ್ನುವ ಆ್ಯಪ್‌ಗಳಿವೆ. ಅಂಕಿಗಳ ಲೋಕದಲ್ಲಿ ಒಂದು ಮಿತಿ ಇದೆ. 16 ಬಿಟ್‌ನಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 32,767. ಹಾಡಿನ ಜೋರಾದ ಭಾಗ ಆಗಲೇ ಆ ಅಂಚಿಗೆ ಹತ್ತಿರ ಇರುತ್ತದೆ. ಅದನ್ನು ಇನ್ನೂ ಎರಡು ಪಟ್ಟು ಮಾಡಿದರೆ ಅಲೆಯ ನೆತ್ತಿ ಮೇಲಿನ ಗೋಡೆಗೆ ಬಡಿದು ಚಪ್ಪಟೆಯಾಗುತ್ತದೆ. ಗುಡ್ಡದ ತುದಿಯನ್ನು ಜೆಸಿಬಿಯಿಂದ ಸಮತಟ್ಟು ಮಾಡಿದ ಹಾಗೆ. ನಮಗೆ ಕೇಳುವ ಒಡಕು, ಕರಕರ ಸದ್ದು ಇದೇ. ಅದರ ಮೇಲೆ ಮೊಬೈಲ್‌ನ ಪುಟ್ಟ ಸ್ಪೀಕರ್ ಹೆಚ್ಚು ಹೊತ್ತು ಇದನ್ನು ತಾಳಿಕೊಳ್ಳುವುದಿಲ್ಲ. ಒಳಗಿನ ಸುರುಳಿ ಬಿಸಿಯಾಗಿ ಸುಟ್ಟುಹೋದರೆ ಆಮೇಲೆ ಕರೆ ಬಂದರೂ ಸರಿಯಾಗಿ ಕೇಳಿಸದು.

ಸ್ಪೀಕರ್ ಬದಲಾಯಿಸಬಹುದು, ಕಿವಿಯನ್ನು ಬದಲಾಯಿಸಲು ಆಗುವುದಿಲ್ಲ. ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಭಾಗವೊಂದಿದೆ. ಅದರೊಳಗೆ ಒಂದೊಂದು ಕಿವಿಗೆ ಹದಿನೈದು ಸಾವಿರದಷ್ಟು ಸೂಕ್ಷ್ಮ ರೋಮಕೋಶಗಳು ಕಂಪನವನ್ನು ಹಿಡಿದು ನರಕ್ಕೆ ದಾಟಿಸುತ್ತವೆ. ಹುಟ್ಟುವಾಗ ಬಂದಷ್ಟೇ ಬಂಡವಾಳ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ. 80 ಡೆಸಿಬೆಲ್ ಜೋರಿನಲ್ಲಿ ವಾರಕ್ಕೆ 40 ಗಂಟೆ ಹಾಡು ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ದಿನಕ್ಕಲ್ಲ, ವಾರಕ್ಕೆ. ಡೆಸಿಬೆಲ್ ಎಂಬುದು ನಮ್ಮ ಮಾಮೂಲಿ ಎಣಿಕೆಯಂತೆ ಏರುವುದಿಲ್ಲ, ಪ್ರತಿ 3 ಡೆಸಿಬೆಲ್‌ಗೆ ಕಿವಿಗೆ ಬೀಳುವ ಶಕ್ತಿ ಎರಡು ಪಟ್ಟಾಗುತ್ತದೆ, ಕೇಳಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ ವಾರಕ್ಕೆ ಉಳಿಯುವುದು ಸುಮಾರು 20 ನಿಮಿಷ. ಇಯರ್‌ಫೋನ್ ಹಾಕಿ ಪೂರ್ತಿ ವಾಲ್ಯೂಮ್ ಕೊಟ್ಟರೆ ಹಲವು ಮೊಬೈಲ್‌ಗಳು ಆ ಮಟ್ಟ ಮುಟ್ಟುತ್ತವೆ. ವಾಲ್ಯೂಮ್ ಏರಿಸುವಾಗ ಮೊಬೈಲ್ 'ಇನ್ನೂ ಏರಿಸಬೇಕೇ' ಎಂದು ಕೇಳುವುದು ಇದೇ ಕಾರಣಕ್ಕೆ. ಆ ಎಚ್ಚರಿಕೆಯನ್ನು ಆಫ್ ಮಾಡುವುದು ಹೇಗೆಂದು ಹೇಳಿಕೊಡುವ ವಿಡಿಯೋಗಳೂ ಇವೆ, ಅವು ಲಕ್ಷಗಟ್ಟಲೆ ಜನರನ್ನು ತಲುಪುತ್ತವೆ ಎಂಬುದು ಬೇಸರದ ಸಂಗತಿ.

ಬಸ್ಸಿನ ಗದ್ದಲದಲ್ಲಿ ಹಾಡು ಕೇಳಿಸದೆ ವಾಲ್ಯೂಮ್ ಏರಿಸುವವರಿಗೆ ಬೂಸ್ಟರ್‌ಗಿಂತ ಕಿವಿಗೆ ಸರಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಮೇಲು. ಪೆಟ್ಟಿಗೆಯಲ್ಲಿ ಬರುವ ಮೂರು ಅಳತೆಯ ರಬ್ಬರ್‌ಗಳು ಅಲಂಕಾರಕ್ಕಲ್ಲ. ಸರಿಯಾದದ್ದು ಕೂತರೆ ಹೊರಗಿನ ಸದ್ದು ಕಡಿಮೆಯಾಗುತ್ತದೆ, ಬೇಸ್ ತಾನಾಗಿಯೇ ತುಂಬಿಕೊಳ್ಳುತ್ತದೆ, ವಾಲ್ಯೂಮ್ ಇಳಿಸಿದರೂ ಸಾಲುತ್ತದೆ. ರಸ್ತೆ ದಾಟುವಾಗ ಮಾತ್ರ ತೆಗೆದಿಡಿ. ಹಾಡು ನಿಂತ ಮೇಲೂ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಉಳಿದರೆ, ಮಾತು ಕೇಳಿದರೂ ಪದ ಅರ್ಥವಾಗದಂತಾದರೆ ಕಿವಿ ವೈದ್ಯರನ್ನು ಕಾಣಬೇಕು. ಶ್ರವಣ ಪರೀಕ್ಷೆಗೆಂದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೆ. 'ಈ ಸದ್ದು ಕೇಳಿದರೆ ನಿಮ್ಮ ಕಿವಿಯ ವಯಸ್ಸು 30' ಎನ್ನುವ ವಿಡಿಯೋ ಪರೀಕ್ಷೆ ಇದಕ್ಕೆ ಬದಲಿಯಲ್ಲ. ಫಾರ್ವರ್ಡ್ ಆಗುತ್ತಾ ಬಂದ ವಿಡಿಯೋದಲ್ಲಿ, ಮೊಬೈಲ್ ಸ್ಪೀಕರ್‌ನಲ್ಲಿ ಆ ಮೇಲಿನ ಸ್ವರ ಉಳಿದಿರುತ್ತದೆ ಎಂಬ ಖಾತರಿಯೇ ಇಲ್ಲ.

ಇನ್ನು ಹಣದ ವಿಷಯ. ಇಂಥ ಆ್ಯಪ್ ಪ್ಲೇಸ್ಟೋರ್‌ನ ಲಿಂಕ್ ಆಗಿ ಬರದೆ 'ಎಪಿಕೆ' ಫೈಲ್ ಆಗಿ ಗ್ರೂಪಿಗೆ ಬಂದರೆ ಮುಟ್ಟಬೇಡಿ. ಹಾಡು ಜೋರು ಮಾಡುವ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್ ಓದುವ ಅಗತ್ಯವಿಲ್ಲ, ಕಾಂಟ್ಯಾಕ್ಟ್ ಪಟ್ಟಿಯ ಅಗತ್ಯವಿಲ್ಲ, 'ಆ್ಯಕ್ಸೆಸಿಬಿಲಿಟಿ' ಅನುಮತಿಯಂತೂ ಬೇಡವೇ ಬೇಡ. ಎಸ್‌ಎಂಎಸ್ ಓದುವ ಅನುಮತಿ ಸಿಕ್ಕ ಆ್ಯಪ್‌ಗೆ ಬ್ಯಾಂಕಿನ ಒಟಿಪಿಯೂ ಕಾಣುತ್ತದೆ.

ಮೆದುಳಿನಿಂದ ಕೇಳುವ ಹಾಡು

'ಹೆಡ್‌ಫೋನ್ ಹಾಕಿ ಕೇಳಿ, ಈ 8ಡಿ ಹಾಡನ್ನು ಕಿವಿ ಕೇಳುವುದಿಲ್ಲ, ಮೆದುಳು ಕೇಳುತ್ತದೆ' ಎಂಬ ಸಂದೇಶ 2020ರ ಲಾಕ್‌ಡೌನ್ ದಿನಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು. ಈಗಲೂ ಆಗಾಗ ಎದ್ದುಬರುತ್ತದೆ. ಎಲ್ಲ ಹಾಡನ್ನೂ ಕೊನೆಗೆ ಕೇಳುವುದು ಮೆದುಳೇ ಎಂಬುದು ಒಂದು ಮಾತು. ಎಂಟು ಆಯಾಮಗಳು ಎಲ್ಲಿಯೂ ಇಲ್ಲ ಎಂಬುದು ಇನ್ನೊಂದು. ಬಲಗಡೆಯಿಂದ ಬಂದ ಸದ್ದು ಎಡಗಿವಿಯನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ತಡವಾಗಿ, ತುಸು ಮೆಲ್ಲಗೆ ತಲುಪುತ್ತದೆ. ಅಷ್ಟು ಸಣ್ಣ ವ್ಯತ್ಯಾಸದಿಂದಲೇ ಮೆದುಳು ದಿಕ್ಕು ಗುರುತಿಸುತ್ತದೆ. ಸಾಮಾನ್ಯ ಸ್ಟೀರಿಯೋ ಹಾಡನ್ನು ಎಡಕ್ಕೂ ಬಲಕ್ಕೂ ಸುತ್ತಾಡಿಸಿ, ಒಂದಿಷ್ಟು ಪ್ರತಿಧ್ವನಿ ಬೆರೆಸಿದರೆ ತಲೆಯ ಸುತ್ತ ಸುತ್ತಿದಂತೆ ಅನಿಸುತ್ತದೆ. ಮಜಾ ಇದೆ, ಕೇಳಿ. ಒಂದು ಕಿವಿ ಮಂದವಿರುವ ಹಿರಿಯರಿಗೆ ಮಾತ್ರ ಇದನ್ನು ಕಳಿಸಬೇಡಿ, ಅವರಿಗೆ ಅರ್ಧ ಹಾಡು ಕಾಣೆಯಾಗುತ್ತದೆ. ಅವರ ಮೊಬೈಲ್‌ನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ 'ಮೋನೋ ಆಡಿಯೋ' ಆನ್ ಮಾಡಿಕೊಟ್ಟರೆ ಎಡ-ಬಲ ಎರಡೂ ಬೆರೆತು ಇಡೀ ಹಾಡು ಅವರ ಒಳ್ಳೆಯ ಕಿವಿಗೆ ಸಿಗುತ್ತದೆ. ಈ ಟಿಪ್ ಫಾರ್ವರ್ಡ್ ಆಗಿ ಬಂದದ್ದನ್ನು ನಾವಿನ್ನೂ ನೋಡಿಲ್ಲ.

432ರ ಮಹಿಮೆ

ಹಾಡುಗಳನ್ನು 440 ಹರ್ಟ್ಜ್ ಬದಲು 432 ಹರ್ಟ್ಜ್‌ಗೆ ಹೊಂದಿಸಿ ಕೇಳಿದರೆ ಬಿಪಿ ಇಳಿಯುತ್ತದೆ, ಕೋಶಗಳು ವಾಸಿಯಾಗುತ್ತವೆ, ಅದು ಪ್ರಕೃತಿಯ ಸ್ವರ, 440 ನಾಜಿಗಳು ಹೇರಿದ್ದು ಎಂದು ಇನ್ನೊಂದು ಸಂದೇಶ. ಪಾಶ್ಚಾತ್ಯ ಸಂಗೀತದಲ್ಲಿ ಹತ್ತಾರು ವಾದ್ಯಗಳು ಒಟ್ಟಿಗೆ ನುಡಿಯಬೇಕಾದ್ದರಿಂದ 'ಎ' ಎಂಬ ಸ್ವರಕ್ಕೆ ಒಂದು ಸಾಮಾನ್ಯ ಅಳತೆ ಬೇಕಾಯಿತು. ಫ್ರಾನ್ಸ್ 1859ರಲ್ಲಿ ಅದನ್ನು 435 ಎಂದು ಗೊತ್ತುಮಾಡಿತು. 1939ರಲ್ಲಿ ಲಂಡನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆ 440 ಎಂದಿತು. ಮುಂದೆ ಅದೇ ಐಎಸ್‌ಒ ಮಾನದಂಡವಾಯಿತು. ತಕ್ಕಡಿ ಕಲ್ಲಿನಂಥ ಒಂದು ಒಪ್ಪಂದ ಅಷ್ಟೇ. ಇನ್ನು ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆ. ಸೆಕೆಂಡ್ ಎಂಬುದೇ ಮನುಷ್ಯ ಮಾಡಿಕೊಂಡ ಅಳತೆಯಾಗಿರುವಾಗ 432 ಎಂಬ ಅಂಕಿ ಪ್ರಕೃತಿಯದಾಗುವುದು ಹೇಗೆ?

ನಮ್ಮ ಸಂಗೀತ ಕೇಳಿದವರಿಗಂತೂ ಈ ವಾದ ತಮಾಷೆಯಾಗಿ ಕಾಣಬೇಕು. ಕರ್ನಾಟಕ ಸಂಗೀತದಲ್ಲಾಗಲಿ ಹಿಂದೂಸ್ತಾನಿಯಲ್ಲಾಗಲಿ ಷಡ್ಜಕ್ಕೆ ಗೊತ್ತಾದ ಹರ್ಟ್ಜ್ ಇಲ್ಲ. ಹಾಡುವವರ ಗಂಟಲಿಗೆ ಯಾವುದು ಹೊಂದುತ್ತದೋ ಅದೇ ಶ್ರುತಿ. ಯಕ್ಷಗಾನದಲ್ಲಿ ಭಾಗವತರು 'ಕಪ್ಪು ಮೂರು', 'ಬಿಳಿ ಐದು' ಎಂದು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಶ್ರುತಿ ಹೇಳುವುದನ್ನು ಕೇಳಿರುತ್ತೀರಿ. ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ, ಅದರಿಂದ ಯಾರ ಕೋಶಕ್ಕೂ ತೊಂದರೆಯಾಗಿಲ್ಲ. ಅಂದಹಾಗೆ 440ರಿಂದ 432ಕ್ಕೆ ಇಳಿಯುವುದೆಂದರೆ ಶೇಕಡಾ ಎರಡಕ್ಕಿಂತ ಕಡಿಮೆ ವ್ಯತ್ಯಾಸ. ಬೆಲ್ಟ್ ಸಡಿಲವಾದ ಹಳೆಯ ಟೇಪ್‌ರೆಕಾರ್ಡರ್ ಅಷ್ಟು ನಿಧಾನವಾಗಿ ಓಡುವುದು ಮಾಮೂಲಿ. ನಮ್ಮ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ 432ರಲ್ಲೇ ಹಾಡು ಕೇಳಿದ್ದೇವೆ ಎಂದಾಯಿತು!

ಇಷ್ಟವಾದ ಹಾಡು ಮನಸ್ಸನ್ನು ಹಗುರ ಮಾಡುವುದು ನಿಜ. ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕ ತಗ್ಗಿಸಲು ಆಸ್ಪತ್ರೆಗಳಲ್ಲಿ ಸಂಗೀತ ಬಳಸುವುದೂ ಉಂಟು. ಅದಕ್ಕಾಗಿ ಬಿಪಿ ಮಾತ್ರೆ ಬಿಡುವುದು ಬೇಡ.

ನಿಜವಾಗಿ ಕೆಲಸಕ್ಕೆ ಬರುವ ಕೆಲವು

ಹಾಡು ಚೆನ್ನಾಗಿ ಕೇಳಿಸದಿರಲು ಕಾರಣ ಹೆಚ್ಚಿನ ಸಲ ಫೈಲ್‌ನಲ್ಲಿ ಇರುವುದೇ ಇಲ್ಲ. ಹಾಡಿನಲ್ಲಿ ಗಾಯಕರ ದನಿ ಮಾಯವಾಗಿ ವಾದ್ಯ ಮಾತ್ರ, ಅದೂ ಬಾವಿಯೊಳಗಿನಿಂದ ಬಂದಂತೆ ಕೇಳಿಸಿದ ಅನುಭವ ಇದೆಯೇ? ಫೈಲ್ ಕೆಟ್ಟಿದೆ ಎಂದು ಅಳಿಸುವ ಮುಂಚೆ ಇಯರ್‌ಫೋನ್ ಪಿನ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಪಿನ್ನಿನ ಒಂದು ಉಂಗುರ ಸರಿಯಾಗಿ ತಾಗದಿದ್ದರೆ ಎಡ-ಬಲಗಳ ನಡುವಿನ ವ್ಯತ್ಯಾಸ ಮಾತ್ರ ಕೇಳಿಸುತ್ತದೆ. ಗಾಯಕರ ದನಿ ಎರಡೂ ಕಡೆ ಒಂದೇ ಸಮ ಇರುವುದರಿಂದ ಕಳೆದುಹೋಗುತ್ತದೆ. ಜೇಬಿನ ನೂಲು, ಧೂಳು ಆ ತೂತಿನೊಳಗೆ ಸೇರಿಕೊಂಡಿದ್ದರೂ ಇದೇ ಕಥೆ.

ಲ್ಯಾಪ್‌ಟಾಪ್‌ನಲ್ಲಿ ಬ್ಲೂಟೂತ್ ಹೆಡ್‌ಸೆಟ್ ಹಾಕಿ ಹಾಡು ಕೇಳುತ್ತಿದ್ದವರು ಆನ್‌ಲೈನ್ ಮೀಟಿಂಗ್ ತೆರೆದ ಕೂಡಲೇ ಧ್ವನಿ ಹಳೆಯ ಲ್ಯಾಂಡ್‌ಲೈನ್ ಫೋನಿನಂತಾಗುತ್ತದೆ. ಹೆಡ್‌ಸೆಟ್ ಹಾಳಾಗಿಲ್ಲ. ಮೈಕ್ ಆನ್ ಆದಾಗ ಬ್ಲೂಟೂತ್ ಸಂಗೀತದ ದಾರಿ ಬಿಟ್ಟು ಫೋನ್ ಕರೆಯ ಇಕ್ಕಟ್ಟಾದ ದಾರಿಗೆ ಇಳಿಯುತ್ತದೆ. ಮೀಟಿಂಗ್‌ನ ಸೆಟ್ಟಿಂಗ್‌ನಲ್ಲಿ ಮೈಕ್ ಜಾಗದಲ್ಲಿ ಲ್ಯಾಪ್‌ಟಾಪ್‌ನದೇ ಮೈಕ್ ಆರಿಸಿ, ಸ್ಪೀಕರ್ ಜಾಗದಲ್ಲಿ ಹೆಡ್‌ಸೆಟ್ ಇರಲಿ. ಸಾಮಾನ್ಯವಾಗಿ ಅಲ್ಲಿಗೆ ಸರಿಹೋಗುತ್ತದೆ.

ಹಾಡಿನ ಆ್ಯಪ್‌ಗಳಲ್ಲಿ 'ಡೇಟಾ ಸೇವರ್' ಆನ್ ಆಗಿದ್ದರೆ ಗುಣಮಟ್ಟ ತಾನಾಗಿಯೇ ಇಳಿಯುತ್ತದೆ. ವೈಫೈ ಇರುವಾಗ 'ಹೈ' ಆರಿಸಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಈಕ್ವಲೈಜರ್ ಬಳಸುವವರು ಬೇಕಾದ್ದನ್ನು ಏರಿಸುವ ಬದಲು ಬೇಡದ್ದನ್ನು ಇಳಿಸಿ ನೋಡಿ, ಒಡಕು ಬರುವುದಿಲ್ಲ.

ಮತ್ತೆ ಸಿಗದ ಹಾಡುಗಳು

ಸಿನಿಮಾ ಹಾಡಿನ ಕೆಟ್ಟ ಪ್ರತಿ ಹೋದರೆ ಒಳ್ಳೆಯದು ಇನ್ನೆಲ್ಲೋ ಸಿಗುತ್ತದೆ. 1978ರ 'ನಿತ್ಯೋತ್ಸವ' ಕ್ಯಾಸೆಟ್‌ನ ಹಾಡುಗಳು ಇವತ್ತು ಬೆರಳ ತುದಿಯಲ್ಲಿವೆ. ಆದರೆ ಆ ಕಾಲದಿಂದ ಮನೆಮನೆಗೆ ಬಂದ ಟೇಪ್‌ರೆಕಾರ್ಡರ್‌ಗಳಲ್ಲಿ ಜನ ತಮ್ಮದನ್ನೂ ಮುದ್ರಿಸಿಕೊಂಡರು. ಮದುವೆಮನೆಯ ಸೋಬಾನೆ, ಶನಿವಾರದ ಭಜನೆ, ರಾತ್ರಿಯಿಡೀ ನಡೆದ ಬಯಲಾಟ, ಮಗುವಿನ ಮೊದಲ ಪದ್ಯ. ಅವುಗಳ ಪ್ರತಿ ಬೇರೆಲ್ಲೂ ಇಲ್ಲ. 320ರ ಟಿಪ್ ನಮಗೆ ಚಿಂತೆ ತರುವುದು ಇಲ್ಲಿ. ಯಾರೋ ಒಮ್ಮೆ ಕಷ್ಟಪಟ್ಟು ಕಂಪ್ಯೂಟರ್‌ಗೆ ಹಾಕಿದ ಒಂದೇ ಒಂದು ಫೈಲನ್ನು 'ಚೆಂದ' ಮಾಡಿ ಮೂಲವನ್ನು ಅಳಿಸಿದರೆ ಅಲ್ಲಿಗೆ ಮುಗಿಯಿತು.

ಅಟ್ಟದ ಮೇಲೆ ಕ್ಯಾಸೆಟ್ ಇದ್ದರೆ ಮೊದಲು ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಆಗ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅದರ ಮೇಲೆ ಮುದ್ರಣವಾಗದು. ಕರಾವಳಿ, ಮಲೆನಾಡಿನ ತೇವದಲ್ಲಿ ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಹಿಡಿದಿದ್ದರೆ ಹಾಗೆಯೇ ಪ್ಲೇಯರ್‌ಗೆ ಹಾಕಬೇಡಿ, ತಿಳಿದವರಿಗೆ ತೋರಿಸಿ. ಚೆನ್ನಾಗಿದ್ದರೆ ಒಮ್ಮೆ ಕೊನೆಯವರೆಗೂ ಓಡಿಸಿ, ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಂಟಿಕೊಂಡಿದ್ದ ಪದರ ಸಡಿಲವಾಗುತ್ತದೆ. ಪ್ಲೇಯರ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ.

ಟೇಪ್‌ರೆಕಾರ್ಡರ್‌ನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರ್‌ಗೆ ಎರಡೂ ತುದಿ 3.5 ಮಿಲಿಮೀಟರ್ ಪಿನ್ ಇರುವ ಆಕ್ಸ್ ಕೇಬಲ್ ಸಾಕು. ಡೆಸ್ಕ್‌ಟಾಪ್‌ನಲ್ಲಿ 'ಲೈನ್ ಇನ್' ಎಂಬ ನೀಲಿ ತೂತು ಸಾಮಾನ್ಯವಾಗಿ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಇರುವುದಿಲ್ಲ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೇಳಿ ಕೊಳ್ಳಬೇಕು. ಸ್ಪೀಕರ್ ಎದುರು ಮೊಬೈಲ್ ಹಿಡಿದು ಮುದ್ರಿಸುವುದು ಏನೂ ಇಲ್ಲದಿದ್ದಾಗಿನ ಮಾತು. ಆಡಾಸಿಟಿಯಲ್ಲಿ ರೆಕಾರ್ಡ್ ಮಾಡುವಾಗ ಅತಿ ಜೋರಾದ ಜಾಗದಲ್ಲೂ ಮೀಟರ್ ಕೊನೆಯ ಕೆಂಪಿಗೆ ತಾಗದಂತೆ, –6ರ ಸುತ್ತಮುತ್ತ ಇರುವಂತೆ ಇಟ್ಟುಕೊಳ್ಳಿ. ಮೆಲ್ಲಗಾದದ್ದನ್ನು ಆಮೇಲೆ ಏರಿಸಬಹುದು, ಚಪ್ಪಟೆಯಾದದ್ದನ್ನು ಸರಿಮಾಡಲು ಬರುವುದಿಲ್ಲ.

ಉಳಿಸುವಾಗ ಎಂಪಿ3 ಬೇಡ. 'ವೇವ್' ಅಥವಾ 'ಫ್ಲ್ಯಾಕ್' ಆರಿಸಿ. ಫ್ಲ್ಯಾಕ್ ಜಾಗವನ್ನು ಕಡಿಮೆ ಮಾಡುತ್ತದೆ, ಆದರೆ ಏನನ್ನೂ ಬಿಸಾಡುವುದಿಲ್ಲ. ಒಂದು ಗಂಟೆಯ ಕ್ಯಾಸೆಟ್ ವೇವ್‌ನಲ್ಲಿ 600 ಎಂಬಿ ಚಿಲ್ಲರೆ, ಈ ಕಾಲಕ್ಕೆ ದೊಡ್ಡದಲ್ಲ. ಈ ಮೂಲವನ್ನು ಎರಡು ಬೇರೆ ಜಾಗದಲ್ಲಿ ಇಡಿ, ಒಂದು ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನ ನಂಟರ ಬಳಿಯೋ ಕ್ಲೌಡ್‌ನಲ್ಲೋ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಕಾಪಿ ಆಗುತ್ತಿರುವಾಗಲೇ ಕಿತ್ತರೆ ಫೈಲ್ ಕೆಡುತ್ತದೆ ಎಂಬುದು ಹಳೆಯ ಟಿಪ್ ಆದರೂ ಇಂದಿಗೂ ನಿಜ.

ಗೊರಗೊರ ಸದ್ದು ತೆಗೆಯುವುದು, ವಾಲ್ಯೂಮ್ ಸರಿಮಾಡುವುದು, ಎಐ ಪ್ರಯೋಗ, ಎಲ್ಲವನ್ನೂ ನಕಲಿನ ಮೇಲೆ ಮಾಡಿ. ಗದ್ದಲ ತೆಗೆಯುವ ತಂತ್ರಾಂಶಕ್ಕೆ ಒಂದೇ ಸಮನೆ ಬರುವ ಸದ್ದೆಲ್ಲ ಗದ್ದಲವಾಗಿಯೇ ಕಾಣಬಹುದು. ತಂಬೂರಿಯ ನಾದವನ್ನೂ ಅದು ಗುಡಿಸಿಹಾಕೀತು.

ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ 'ಡಾಕ್ಯುಮೆಂಟ್' ಆಗಿ ಕಳಿಸಿ, ಫೈಲ್ ಇದ್ದ ಹಾಗೆಯೇ ತಲುಪುತ್ತದೆ. ಹಾಡು ಹಾಕಿ ಎದುರಿಗೆ ಮೊಬೈಲ್ ಹಿಡಿದು ವಾಯ್ಸ್ ನೋಟ್ ಮಾಡಿದರೆ ಮಾತಿಗೆಂದು ಹದಮಾಡಿದ ಹಿಂಡುವಿಕೆಗೆ ಹಾಡು ಸಿಗುತ್ತದೆ. ಫೈಲಿಗೆ 'ಆಡಿಯೋ001' ಎಂದು ಹೆಸರಿಡಬೇಡಿ. ಯಾರು ಹಾಡಿದ್ದು, ಯಾವ ಊರು, ಯಾರ ಮದುವೆ, ಯಾವ ವರ್ಷ ಎಂದು ಮನೆಯ ಹಿರಿಯರನ್ನು ಕೂರಿಸಿ ಕೇಳಿ, ಹೆಸರಿನಲ್ಲೇ ಬರೆಯಿರಿ. ಹಿಂದೆ ಕೆಮ್ಮಿದವರು ಯಾರು, ನಡುವೆ ಎದ್ದು "ಕಾಫಿ ಆಯ್ತಾ" ಎಂದವರು ಯಾರು ಎಂಬುದೂ ಅವರಿಗೆ ಮಾತ್ರ ಗೊತ್ತಿರುತ್ತದೆ.